ಹಕ್ಕೂ ಅಧಿಕಾರವೂ



ಮಂಗಳೂರಿನಿಂದ ಉಡುಪಿಗೆ ಹೋಗುವ ಹೆದ್ದಾರಿಯಲ್ಲಿ ಪಡುಬಿದ್ರಿಯನ್ನು ದಾಟಿದೊಡನೆ ಎರ್ಮಾಳೆಂಬ ಊರು ಸಿಕ್ಕುತ್ತದೆ. ಬಡಾ ಎರ್ಮಾಳು, ತೆಂಕ ಎರ್ಮಾಳು ಎಂದು ಅದಕ್ಕೆ ಎರಡು ಭಾಗ. ಪಡುವಣಕ್ಕೆ ಕಡಲು, ಮೂಡಣಕ್ಕೆ ಗದ್ದೆ, ನಡುವೆ ತೆಂಗಿನ ತೋಟಗಳು. ತುಳುನಾಡಿನ ಜಾತ್ರೆಗಳ ಕಾಲವು ಎರ್ಮಾಳಿನ ಜನಾರ್ದನ ದೇವರ ಉತ್ಸವದಿಂದ ಮೊದಲಾಗುವುದೆಂದು ಆ ಕಡೆಯ ಜನರು ಹೇಳುವುದುಂಟು. ಹಕ್ಕು ಮತ್ತು ಅಧಿಕಾರ ಇವುಗಳ ಭೇದವನ್ನು ಕುರಿತು ಈ ಹೊತ್ತು ಮಾತನಾಡಬೇಕೆಂದಾಗ ನಮ್ಮ ನೆನಪಿಗೆ ಮೊದಲು ಬಂದುದು ಯಾವ ನ್ಯಾಯಶಾಸ್ತ್ರದ ಗ್ರಂಥವೂ ಅಲ್ಲ. ಎರ್ಮಾಳಿನ ಸಮೀಪದ ಒಂದು ಮನೆಯ ಚಾವಡಿ. ಅಲ್ಲಿ ಬಾಲಕರಾಗಿ ಕುಳಿತು ಹಿರಿಯರ ಮಾತನ್ನು ಕೇಳುತ್ತಿದ್ದ ಒಂದು ಸಂಜೆ. ಆ ಸಂಗತಿಯನ್ನು ಕೊನೆಗೆ ಹೇಳುವೆವು. ಈಗಲೇ ಹೇಳಿದರೆ ಅದು ಬರಿಯ ಮನೆವಾರ್ತೆಯಾದೀತು.

ಶಬ್ದಗಳಿಂದಲೇ ಆರಂಭಿಸೋಣ. 'ಹಕ್ಕು' ಎಂಬುದು ಅರಬ್ಬಿಯಿಂದ ನಮ್ಮಲ್ಲಿಗೆ ಬಂದ ಮಾತು. ಮೂಲದಲ್ಲಿ ಅದಕ್ಕೆ ಸತ್ಯ, ನ್ಯಾಯ ಎಂಬ ಅರ್ಥಗಳೂ ಉಂಟು. 'ಅಧಿಕಾರ' ಸಂಸ್ಕೃತದ ಮಾತು. ಇಂಥವನಿಗೆ ಇಂಥ ಕರ್ಮದಲ್ಲಿ ಅಧಿಕಾರವುಂಟೆಂದು ಶಾಸ್ತ್ರಕಾರರು ಹೇಳಿದಾಗ ಯೋಗ್ಯತೆಯೆಂದು ಅರ್ಥ. ನಮ್ಮ ದಿನದ ಮಾತಿನಲ್ಲಾದರೋ ಈ ಶಬ್ದವು ಎರಡು ಕಡೆಗೂ ವಾಲುತ್ತದೆ. 'ಅವನಿಗೆ ಕೇಳುವ ಅಧಿಕಾರವಿಲ್ಲ' ಎಂದರೆ ಹಕ್ಕಿಲ್ಲವೆಂದು ತಾತ್ಪರ್ಯ. 'ಅಧಿಕಾರವೆಲ್ಲ ಅವನ ಕೈಯಲ್ಲಿದೆ' ಎಂದರೆ ಬಲವೆಂದು ತಾತ್ಪರ್ಯ. ಒಂದೇ ಶಬ್ದವು ಎರಡು ಅರ್ಥಗಳನ್ನು ಹೊತ್ತಿರುವುದರಿಂದಲೇ ನಮ್ಮ ಯೋಚನೆಯೂ ಹಲವು ಸಲ ತೊಡಕಿಗೆ ಸಿಕ್ಕುತ್ತದೆ. ಇಲ್ಲಿ ನಾವು ಹಕ್ಕು ಎಂಬುದನ್ನು ನ್ಯಾಯವು ಒಪ್ಪಿದ ಬಾಧ್ಯತೆಗೂ, ಅಧಿಕಾರ ಎಂಬುದನ್ನು ಕಾರ್ಯವನ್ನು ನಡೆಸಬಲ್ಲ ಕೈಗೂ ಮೀಸಲಾಗಿಡುವೆವು. ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆಯು ಈ ಭೇದವನ್ನು ಬಲ್ಲದು. ವರವು ಭಕ್ತನ ಹಕ್ಕು. ಗರ್ಭಗುಡಿಯ ಬೀಗದ ಕೈ ಪೂಜಾರಿಯ ಅಧಿಕಾರ.

ಈ ಎರಡೂ ಒಂದೇ ಎಂದು ವಾದಿಸಿದ ತತ್ತ್ವಜ್ಞರೂ ಇಲ್ಲದಿಲ್ಲ. ಹಾಲೆಂಡಿನ ಸ್ಪಿನೋಜನು 1670ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ, ಪ್ರಕೃತಿಯಲ್ಲಿ ಯಾರ ಬಲ ಎಷ್ಟಿದೆಯೋ ಅವರ ಹಕ್ಕೂ ಅಷ್ಟೇ ಎಂಬ ಸಿದ್ಧಾಂತವನ್ನು ಹೇಳಿ, ಉದಾಹರಣೆಗೆ ಮೀನನ್ನೇ ತೆಗೆದುಕೊಂಡಿರುವನು: ದೊಡ್ಡ ಮೀನು ಚಿಕ್ಕ ಮೀನನ್ನು ತಿನ್ನುವುದು ಅದರ ಸ್ವಭಾವಸಿದ್ಧವಾದ ಹಕ್ಕು. ನಮ್ಮ ಅರ್ಥಶಾಸ್ತ್ರಕಾರನಾದ ಕೌಟಿಲ್ಯನೂ ಅದೇ ಮೀನನ್ನು ಕಂಡಿದ್ದಾನೆ. ಆದರೆ ಅವನು ಅದನ್ನು ಹಕ್ಕೆಂದು ಕರೆಯಲಿಲ್ಲ. ಮತ್ಸ್ಯನ್ಯಾಯವೆಂದು ಹೆಸರಿಟ್ಟು, ದಂಡನೀತಿಯು ಇಲ್ಲದ ಕಡೆ ಬರುವ ಅನರ್ಥವೆಂದು ಎಣಿಸಿದನು. ಇಬ್ಬರ ದೃಷ್ಟಿಯೂ ಮೀನಿನ ಮೇಲೆಯೇ. ತೀರ್ಮಾನ ಮಾತ್ರ ಬೇರೆ.

ಎರ್ಮಾಳಿನಂಥ ಕಡಲತೀರದಲ್ಲಿ ಈ ವಿಚಾರವು ಬರಿಯ ದೃಷ್ಟಾಂತವಾಗಿ ಉಳಿಯಲಿಲ್ಲ. ಆ ತೀರದಲ್ಲಿ ಹಿಂದೆ ರಂಪಣಿ ಬಲೆಯ ಕಾಲವಿತ್ತು. ಉದ್ದನೆಯ ಬಲೆಯನ್ನು ದೋಣಿಯಲ್ಲಿ ಒಯ್ದು ಕಡಲಿನಲ್ಲಿ ಬಳಸಿ ಬಿಟ್ಟು, ಎರಡು ತುದಿಗಳನ್ನೂ ದಡದಿಂದ ಹತ್ತಾರು ಜನ ಎಳೆಯುವರು. ಬಂದ ಬಂಗುಡೆ ಬೂತಾಯಿಗಳನ್ನು ಪಾಲಿನಂತೆ ಹಂಚಿಕೊಳ್ಳುವರು. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ಬಲೆಯ ಯಂತ್ರದ ಬೋಟುಗಳು ಬಂದವು. ಮೀನು ದಡಕ್ಕೆ ಬರುವ ಮುಂಚೆಯೇ ಅದನ್ನು ಆಚೆಯ ನೀರಿನಲ್ಲಿ ಸುತ್ತುಗಟ್ಟಿ ಎತ್ತುವುದು ಸಾಧ್ಯವಾಯಿತು. ಕೆಲವು ವರ್ಷಗಳಲ್ಲಿ ರಂಪಣಿಗಳು ಕರಗಿದವು. ಇಲ್ಲಿ ಗಮನಿಸತಕ್ಕ ಸಂಗತಿಯೇನೆಂದರೆ, ಕಡಲಿನಲ್ಲಿ ಮೀನು ಹಿಡಿಯುವ ಹಕ್ಕನ್ನು ಯಾರೂ ಯಾರಿಂದಲೂ ಕಸಿದುಕೊಳ್ಳಲಿಲ್ಲ. ರಂಪಣಿಯವನಿಗೆ ಮೊದಲಿದ್ದ ಹಕ್ಕು ಅನಂತರವೂ ಇತ್ತು. ಹೋದುದು ಮೀನು. ಕರ್ನಾಟಕದ ಸಮುದ್ರ ಮೀನುಗಾರಿಕೆಯ ನಿಯಂತ್ರಣ ಶಾಸನವು ಹುಟ್ಟಿದುದು 1986ರಲ್ಲಿ. ಅಷ್ಟರೊಳಗೆ ಎಷ್ಟೋ ರಂಪಣಿಗಳು ದಡವನ್ನೂ ಬಿಟ್ಟು ಅಟ್ಟಕ್ಕೆ ಏರಿದ್ದವು.

ಕಡಲನ್ನು ಇಲ್ಲಿಗೆ ಬಿಟ್ಟು ಮನೆಯೊಳಕ್ಕೆ ಬರೋಣ. ಹಕ್ಕಿಗೂ ಅಧಿಕಾರಕ್ಕೂ ಇರುವ ಅಂತರವು ಮನೆಯೊಳಗೆ ಕಾಣುವಷ್ಟು ನಿಚ್ಚಳವಾಗಿ ರಾಜಕೀಯದಲ್ಲಿಯೂ ಕಾಣದೆಂದು ನಮ್ಮ ಭಾವನೆ. ಅದಕ್ಕೆ ದಕ್ಷಿಣ ಕನ್ನಡದ ಅಳಿಯಸಂತಾನದ ಕಟ್ಟಿನಷ್ಟು ಒಳ್ಳೆಯ ಉದಾಹರಣೆ ಬೇರೆ ದೊರೆಯಲಾರದು.

ಬಂಟರು, ಬಿಲ್ಲವರು, ಮೊಗವೀರರು ಮೊದಲಾದವರಲ್ಲಿ ಆಸ್ತಿಯು ತಾಯಿಯ ಕಡೆಯಿಂದ ಇಳಿದು ಬರುತ್ತಿತ್ತೆಂಬುದು ಎಲ್ಲರೂ ಬಲ್ಲ ಸಂಗತಿ. ಮಕ್ಕಳು ತಾಯಿಯ ಕುಟುಂಬದವರು. ತಂದೆಯ ಮನೆ ಅವರಿಗೆ ಉಂಡು ಬೆಳೆದ ಮನೆಯಾಗಬಹುದೇ ಹೊರತು ಬಾಧ್ಯತೆಯ ಮನೆಯಲ್ಲ. ಹೆಣ್ಣುಮಗಳು ಮದುವೆಯಾಗಿ ಗಂಡನ ಊರಿನಲ್ಲಿದ್ದರೂ ಅವಳ ಹಕ್ಕಿನ ಬೇರು ತಾಯಿಯ ಮನೆಯಲ್ಲಿಯೇ. ಗಂಡನು ತೀರಿದರೆ, ಮನಸ್ಸು ಮುರಿದರೆ, ಹಿಂದಿರುಗಿ ಬರಲು ಅವಳಿಗೊಂದು ಅಂಗಳವಿತ್ತು. ಹಿಂದೂದೇಶದ ಉಳಿದ ಭಾಗಗಳ ಬಹುಪಾಲು ಸ್ತ್ರೀಯರಿಗೆ ಇದು ಕನಸಿನಲ್ಲಿಯೂ ದೊರೆಯದ ಭಾಗ್ಯವಾಗಿದ್ದಿತು.

ಈ ಕಟ್ಟಿಗೆ ಭೂತಾಳ ಪಾಂಡ್ಯನ ಕಥೆಯನ್ನು ಮೂಲವಾಗಿ ಹೇಳುವರು. ಹಡಗುಗಳು ನೀರಿಗಿಳಿಯಬೇಕಾದರೆ ತನಗೆ ನರಬಲಿ ಬೇಕೆಂದು ಕುಂಡೋದರನೆಂಬ ಭೂತವು ಕೇಳಿತಂತೆ. ಅರಸನ ಹೆಂಡತಿ ತನ್ನ ಮಗನನ್ನು ಕೊಡಲೊಲ್ಲಳು. ಅರಸನ ಒಡಹುಟ್ಟಿದವಳು ತನ್ನ ಮಗನನ್ನು ಒಪ್ಪಿಸಿದಳು. ಭೂತವು ಮೆಚ್ಚಿ ಹುಡುಗನನ್ನು ಬಿಟ್ಟು, ಇನ್ನು ಮುಂದೆ ಆಸ್ತಿಯು ಮಗನಿಗೆ ಹೋಗದೆ ಅಳಿಯನಿಗೆ ಹೋಗಲೆಂದು ವಿಧಿಸಿತು. ಈ ಹೆಸರಿನಲ್ಲಿ ಅಚ್ಚಾಗಿರುವ ಕಟ್ಟಳೆಯ ಗ್ರಂಥವು ಅಷ್ಟು ಪ್ರಾಚೀನವಲ್ಲವೆಂದು ವಿದ್ವಾಂಸರು ಸಂದೇಹಪಟ್ಟಿದ್ದಾರೆ. ಅದಿರಲಿ. ಕಥೆಯೊಳಗೆ ಅಡಗಿರುವ ಒಂದು ವಿಶೇಷವನ್ನು ಮಾತ್ರ ನೋಡಿರಿ. ತ್ಯಾಗಕ್ಕೆ ಸಿದ್ಧಳಾದವಳು ಹೆಂಗಸು. ಸಿಂಹಾಸನವನ್ನು ಏರಿದವನು ಅವಳ ಮಗ. ಹಕ್ಕು ಅವಳ ಮೂಲಕ ಹರಿಯಿತು. ಅಧಿಕಾರವು ಅಣ್ಣನ ಕೈಯಿಂದ ಮಗನ ಕೈಗೆ ಹೋಯಿತು. ನದಿಗೆ ಕಾಲುವೆಯಾದವಳಿಗೆ ನೀರು ಕುಡಿಯಲು ಬೊಗಸೆ ಎಷ್ಟು ಸಿಕ್ಕಿತೆಂಬುದನ್ನು ಕಥೆ ಹೇಳುವುದಿಲ್ಲ.

ಕಟ್ಟಿನ ಮಾತು ಮಾತ್ರ ಉದಾರವಾಗಿಯೇ ಇದ್ದಿತು. ಮಲೆಯಾಳದ ತರವಾಡುಗಳಲ್ಲಿ ಕಾರಣವನು ಸಾಮಾನ್ಯವಾಗಿ ಗಂಡಸು. ಅಳಿಯಸಂತಾನದಲ್ಲಾದರೋ ಕುಟುಂಬದಲ್ಲಿ ವಯಸ್ಸಿಗೆ ಹಿರಿಯರಾದವರು, ಗಂಡಾಗಲಿ ಹೆಣ್ಣಾಗಲಿ, ಯಜಮಾನಿಕೆಗೆ ಅರ್ಹರು. ಗಂಡಸಾದರೆ ಯಜಮಾನ, ಹೆಂಗಸಾದರೆ ಯಜಮಾನ್ತಿ. ಕುಟುಂಬದ ಸ್ಥಿರಾಸ್ತಿಯನ್ನು ಅವರು ಕುಟುಂಬದ ಅವಶ್ಯಕತೆಯಿಲ್ಲದೆ ತಮ್ಮ ಇಷ್ಟದಂತೆ ಮಾರಲು ಬಾರದು. ಪ್ರತಿಯೊಬ್ಬ ಸದಸ್ಯರಿಗೂ ಅನ್ನವಸ್ತ್ರದ ಹಕ್ಕು ಉಂಟು. ಕಾಗದದ ಮೇಲೆ ಇದಕ್ಕಿಂತ ಸಮಂಜಸವಾದ ಏರ್ಪಾಡನ್ನು ಯಾವ ಶಾಸನಕಾರನು ಕಲ್ಪಿಸಬಲ್ಲನು?

ನಡೆದುದು ಬೇರೆ. ಗೇಣಿಯ ಅಕ್ಕಿಮುಡಿಗಳು ಅಂಗಳಕ್ಕೆ ಬಂದಾಗ ಎಣಿಸುವವನು ಯಜಮಾನನಾದ ಮಾವ. ಕಚೇರಿಗೆ ಹೋಗಿ ತೀರ್ವೆ ಕಟ್ಟುವವನು ಅವನು; ಪಟೇಲ ಶ್ಯಾನುಭೋಗರ ಪರಿಚಯ ಅವನಿಗೆ; ವಕೀಲನ ಮನೆಯ ದಾರಿ ಅವನಿಗೆ ಗೊತ್ತು. ಭೂತದ ಕೋಲದಲ್ಲಿ ಮುಂದೆ ನಿಂತು ಮೊದಲ ಗಂಧವನ್ನು ತೆಗೆದುಕೊಳ್ಳುವವನೂ ಅವನೇ. ಯಜಮಾನ್ತಿಯ ಹೆಸರು ಪತ್ರದಲ್ಲಿದ್ದರೂ, ತಮ್ಮನೋ ಮಗನೋ ಅವಳ ಪರವಾಗಿ ನಡೆಸುವನು. ಪರವಾಗಿ ನಡೆಸುತ್ತ ನಡೆಸುತ್ತ ಅವಳ ಪರವೆಂಬುದು ಎಲ್ಲರಿಗೂ ಮರೆತುಹೋಗುವುದು. ಅವಳು ಹೆಸರಿಗೆ ಒಡತಿ. ಪೇಟೆಗೆ ಹೋಗಬೇಕಾದರೆ ಬಸ್ಸಿನ ಚಾರ್ಜನ್ನು ತಮ್ಮನಲ್ಲಿ ಕೇಳಬೇಕು. ಈ ಮಾತಿನಲ್ಲಿ ಉತ್ಪ್ರೇಕ್ಷೆಯಿಲ್ಲವೆಂಬುದನ್ನು ಆ ಪ್ರಾಂತ್ಯದ ಶ್ರೋತೃಗಳು ಬಲ್ಲರು.

ಯಜಮಾನನನ್ನೂ ನಾವು ಬರಿಯ ದುಷ್ಟನೆಂದು ಚಿತ್ರಿಸುವುದು ಸರಿಯಲ್ಲ. ಅವನ ಸಂಕಟವೂ ದೊಡ್ಡದೇ. ಅವನು ದುಡಿಯುವುದು ಸೋದರಿಯರ ಮಕ್ಕಳಿಗಾಗಿ. ರಾತ್ರಿ ಮೈಮೇಲೆ ಆಡುವ ಮಕ್ಕಳು ಮಾತ್ರ ಬೇರೆ ಕುಟುಂಬದವರು. ಕಟ್ಟು ಒಂದು ಕಡೆಗೆ ಎಳೆಯಿತು, ಕರುಳು ಮತ್ತೊಂದು ಕಡೆಗೆ. ತನ್ನ ಸ್ವಂತ ಮಕ್ಕಳಿಗೆ ಗುಟ್ಟಾಗಿ ಒಂದು ತೋಟವನ್ನು ಮಾಡಿಕೊಟ್ಟ ಯಜಮಾನರ ಮೇಲೆ ಹೂಡಿದ ದಾವೆಗಳಿಂದ ಆ ಜಿಲ್ಲೆಯ ಕೋರ್ಟುಗಳು ಬಹುಕಾಲ ತುಂಬಿದ್ದವು.

ಹಾಗಾದರೆ ಸೋದರಿಯರೂ ಅಳಿಯಂದಿರೂ ತಮ್ಮ ಪಾಲನ್ನು ಕೇಳಿ ಪಡೆಯಬಹುದಾಗಿತ್ತಲ್ಲವೆ? ಅದಾಗಲಿಲ್ಲ. 1863ರಲ್ಲಿ ಮುಂಡ ಚೆಟ್ಟಿ ಮತ್ತು ತಿಮ್ಮಾಜು ಹೆಂಗಸು ಇವರ ನಡುವಿನ ಮೊಕದ್ದಮೆಯಲ್ಲಿ ಮದರಾಸು ಹೈಕೋರ್ಟು, ಅಳಿಯಸಂತಾನದ ಕುಟುಂಬದ ಆಸ್ತಿಯನ್ನು ಒಬ್ಬರ ಒತ್ತಾಯದಿಂದ ಪಾಲುಮಾಡಲು ಬಾರದೆಂದು ತೀರ್ಮಾನಿಸಿತು. ಉದ್ದೇಶವು ಕುಟುಂಬವು ಚೂರಾಗಬಾರದೆಂಬುದೇ ಇರಬೇಕು. ಫಲ ಮಾತ್ರ ಇದಾಯಿತು: ಎಲ್ಲರೂ ಒಡೆಯರು, ಯಾರೂ ತಮ್ಮದನ್ನು ಬೇರೆ ಎತ್ತಿಕೊಳ್ಳುವಂತಿಲ್ಲ, ಆದುದರಿಂದ ಯಾರ ಕೈಯಲ್ಲಿ ಬೀಗದ ಕೈಯಿದೆಯೋ ಅವನದೇ ನಡೆಯತಕ್ಕದ್ದು. ಯಜಮಾನನು ಕೆಟ್ಟವನಾದರೆ ಅವನನ್ನು ತೆಗೆಯಿಸಲು ದಾವೆ ಹೂಡುವ ಹಕ್ಕೇನೋ ಇತ್ತು. ಆದರೆ ದಾವೆಗೆ ಹಣ ಬೇಕು. ಹಣವಿದ್ದುದು ಯಜಮಾನನ ಪೆಟ್ಟಿಗೆಯಲ್ಲಿ. ಎರ್ಮಾಳಿನಿಂದ ಉಡುಪಿಯ ಮುನ್ಸೀಫ್ ಕೋರ್ಟಿಗೆ ಇಪ್ಪತ್ತು ಕಿಲೋಮೀಟರಿಗೆ ಮೇಲ್ಪಟ್ಟ ದಾರಿ. ಸೇತುವೆಗಳಿಲ್ಲದ ಕಾಲದಲ್ಲಿ ಹೊಳೆಯ ಕಡವನ್ನು ದಾಟಿ ಹೋಗಬೇಕು. ಅಪೀಲಾದರೆ ಮದರಾಸು. ಕಂಕುಳಲ್ಲಿ ಕೂಸಿರುವ ಹೆಂಗಸು ಈ ದಾರಿಯನ್ನು ಎಷ್ಟು ಸಲ ತುಳಿಯಬಲ್ಲಳು?

ಇದನ್ನು ಸರಿಪಡಿಸಲು ಬಂದುದು 1949ರ ಮದರಾಸಿನ ಅಳಿಯಸಂತಾನ ಶಾಸನ. ಕುಟುಂಬದ ಶಾಖೆಗೆ ತುಳುವಿನಲ್ಲಿ ಕವರು ಎನ್ನುವರು. ಒಬ್ಬ ಹೆಂಗಸೂ ಅವಳ ಹೆಣ್ಣುಸಂತತಿಯ ಮೂಲಕ ಬಂದವರೂ ಸೇರಿ ಒಂದು ಕವರು. ಕವರಿಗೆ ಪಾಲನ್ನು ಕೇಳುವ ಹಕ್ಕನ್ನು ಆ ಶಾಸನವು ಕೊಟ್ಟಿತು. ಸಂತತಿ ಮುಂದುವರಿಯದ ನಿಸ್ಸಂತತಿ ಕವರಿಗೆ ಜೀವಮಾನದ ಅನುಭೋಗ ಮಾತ್ರ. ಸಂತತಿಯುಳ್ಳ ಕವರಿಗೆ ಪೂರ್ಣ ಪಾಲು. ಐವತ್ತು ವರ್ಷ ತುಂಬದ ಹೆಂಗಸು ಒಬ್ಬಳಾದರೂ ಇದ್ದರೆ ಅದು ಸಂತತಿ ಕವರು. ಗಂಡಸರು ಹತ್ತು ಮಂದಿ ಇದ್ದರೂ ಅವಳಿಲ್ಲದೆ ಕವರಿಗೆ ಮುಂದಿಲ್ಲ! ಇಷ್ಟು ಸ್ಪಷ್ಟವಾಗಿ ಹೆಣ್ಣನ್ನು ಆಸ್ತಿಯ ನಡುಗಂಬವಾಗಿ ನಿಲ್ಲಿಸಿದ ಶಾಸನವನ್ನು ನಾವು ಬೇರೆಡೆಯಲ್ಲಿ ಕಂಡಿಲ್ಲ.

ನಮ್ಮ ಮಟ್ಟಿಗೆ ಆ ಶಾಸನದ ಅತ್ಯಂತ ಬೆಲೆಯುಳ್ಳ ಭಾಗ ಅದಲ್ಲ. ಯಜಮಾನನು ಲೆಕ್ಕವನ್ನು ಇಡತಕ್ಕದ್ದು, ಸದಸ್ಯರು ಕೇಳಿದರೆ ಅದನ್ನು ತೋರಿಸತಕ್ಕದ್ದು, ಸ್ಥಿರಾಸ್ತಿಯನ್ನು ಪರಾಧೀನಮಾಡುವಾಗ ಸದಸ್ಯರ ಲಿಖಿತ ಸಮ್ಮತಿಯನ್ನು ಪಡೆಯತಕ್ಕದ್ದು ಎಂಬ ಒಣ ವಿಧಿಗಳೇ ಹೆಚ್ಚಿನವು. 'ಇದು ನಿನ್ನದು' ಎಂದು ಹೇಳುವುದು ಸುಲಭ. ಅದು ಹಿಂದಿನಿಂದಲೂ ಅವಳದೇ ಆಗಿದ್ದಿತು. ಲೆಕ್ಕದ ಪುಸ್ತಕವನ್ನು ಪೆಟ್ಟಿಗೆಯಿಂದ ಚಾವಡಿಗೆ ತರಿಸುವುದು ಕಷ್ಟ.

ಅಮೆರಿಕದ ಹೋಫೆಲ್ಡ್ ಎಂಬ ಪಂಡಿತನು 1913ರಲ್ಲಿ ಬರೆದ ಒಂದು ಪ್ರಬಂಧದಲ್ಲಿ, ವಕೀಲರು ಹಕ್ಕು ಎಂಬ ಒಂದೇ ಹೆಸರಿನಲ್ಲಿ ಬೇರೆ ಬೇರೆ ವಸ್ತುಗಳನ್ನು ತುರುಕುತ್ತಾರೆಂದು ಆಕ್ಷೇಪಿಸಿದನು. ಮತ್ತೊಬ್ಬನು ನನಗೆ ಇಂಥದನ್ನು ಮಾಡಲೇಬೇಕೆಂಬುದು ಒಂದು. ನನ್ನ ಒಂದು ಮಾತಿನಿಂದ ಅಥವಾ ರುಜುವಿನಿಂದ ಮತ್ತೊಬ್ಬನ ಸ್ಥಿತಿಯನ್ನೇ ಬದಲಾಯಿಸಬಲ್ಲೆನೆಂಬುದು ಇನ್ನೊಂದು. ಮೊದಲನೆಯದು ಕೇವಲ ಹಕ್ಕು, ಎರಡನೆಯದನ್ನು ಅವನು ಶಕ್ತಿಯೆಂದು ಕರೆದನು. ಆದರೆ ಅದು ತೋಳಿನ ಶಕ್ತಿಯಲ್ಲ, ನ್ಯಾಯವೇ ಕೊಟ್ಟ ಶಕ್ತಿ. ಅನ್ನವಸ್ತ್ರವನ್ನು ಕೇಳುವ ಸೋದರಿಯು ಮೊದಲನೆಯ ಜಾತಿಗೆ ಸೇರಿದವಳು. ಸಮ್ಮತಿಯ ರುಜುವನ್ನು ಹಾಕುವ ಅಥವಾ ಹಾಕದಿರುವ ಸೋದರಿಯು ಎರಡನೆಯದಕ್ಕೆ. ಮೊದಲನೆಯವಳು ಯಾಚಿಸಬೇಕು, ಎರಡನೆಯವಳಲ್ಲಿಗೆ ಜನ ಬರಬೇಕು. ಅಳಿಯಕಟ್ಟಿನ ಇತಿಹಾಸವನ್ನೆಲ್ಲ ಈ ಎರಡು ಚಿತ್ರಗಳಲ್ಲಿ ಬರೆದುಬಿಡಬಹುದು.

1956ರ ಹಿಂದೂ ವಾರಸಾ ಶಾಸನದಿಂದ ಈ ಕಟ್ಟು ಮೆಲ್ಲನೆ ಕರಗತೊಡಗಿತು. ಅಳಿಯಸಂತಾನದ ಗಂಡಸಿನ ಅವಿಭಕ್ತ ಪಾಲೂ ಅವನ ಹೆಂಡತಿ ಮಕ್ಕಳಿಗೆ ವಾರಸಾಗಿ ಇಳಿಯಬಹುದೆಂದಾಯಿತು. ನಿಸ್ಸಂತತಿ ಕವರಿನವನ ಪಾಲಿಗೂ ಇದು ಅನ್ವಯಿಸುವುದೆಂದು 1979ರಲ್ಲಿ ಸುಂದರಿ ಮತ್ತು ಲಕ್ಷ್ಮಿ ಇವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿತು. ಹೆಣ್ಣುಮಕ್ಕಳಿಗೆ ತಂದೆಯ ಆಸ್ತಿಯಲ್ಲಿ ಹಕ್ಕು ಬಂತು, ತಾಯಿಯ ಮನೆ ಮಾತ್ರ ತಮ್ಮದೆಂಬ ಹೆಗ್ಗಳಿಕೆ ಹೋಯಿತು. ಲಾಭವೋ ನಷ್ಟವೋ ಎಂದು ಆ ಕಡೆಯ ವೃದ್ಧೆಯರನ್ನು ಕೇಳಿದರೆ ಒಬ್ಬೊಬ್ಬರು ಒಂದೊಂದು ಉತ್ತರ ಕೊಡುವರು.

ಇದೇ ಅಂಗಳಕ್ಕೆ ಅಕ್ಕಿಮುಡಿಯನ್ನು ಹೊತ್ತು ತರುತ್ತಿದ್ದವನನ್ನು ಮರೆಯುವಂತಿಲ್ಲ. ಆ ಪ್ರಾಂತ್ಯದ ಗದ್ದೆಗಳಲ್ಲಿ ಮೂಲಗೇಣಿ, ಚಾಲಗೇಣಿ ಎಂದು ಎರಡು ಬಗೆಯ ಒಕ್ಕಲುತನವಿದ್ದಿತು. ಮೂಲಗೇಣಿಯವನ ಗೇಣಿ ಸ್ಥಿರ, ಸ್ವಾಧೀನವೂ ಶಾಶ್ವತ. ಚಾಲಗೇಣಿಯವನದು ವರ್ಷದಿಂದ ವರ್ಷಕ್ಕೆ. ಟಿಪ್ಪುವಿನ ಪತನದ ಅನಂತರ 1799ರಲ್ಲಿ ಕನ್ನಡ ಜಿಲ್ಲೆಯ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ, ಇಲ್ಲಿಯ ಜನರಲ್ಲಿ ಭೂಮಿಯ ಒಡೆತನವು ಎಷ್ಟು ಬಲವಾಗಿ ಬೇರೂರಿದೆಯೆಂಬುದನ್ನೂ ಅದಕ್ಕೆ ಆಧಾರವಾದ ಪತ್ರಗಳನ್ನೂ ಕಂಡು ವಿಸ್ಮಯಪಟ್ಟನು. ಪತ್ರಗಳು ಇದ್ದುದು ಒಡೆಯರ ಪೆಟ್ಟಿಗೆಗಳಲ್ಲಿ. ಚಾಲಗೇಣಿಯವನಲ್ಲಿ ಇದ್ದುದು ನೆನಪು.

1961ರಲ್ಲಿ ಮೈಸೂರು ರಾಜ್ಯದ ಭೂಸುಧಾರಣಾ ಶಾಸನವು ಹುಟ್ಟಿ 1965ರ ಅಕ್ಟೋಬರ್ 2ರಿಂದ ಜಾರಿಗೆ ಬಂತು. ಗೇಣಿಯು ಹುಟ್ಟುವಳಿಯ ನಾಲ್ಕನೆಯ ಅಥವಾ ಐದನೆಯ ಒಂದು ಪಾಲನ್ನು ಮೀರಬಾರದು, ಒಕ್ಕಲನ್ನು ಸುಮ್ಮನೆ ಎಬ್ಬಿಸಬಾರದು ಎಂದು ಅದು ವಿಧಿಸಿತು. ಈಗ ಚಾಲಗೇಣಿಯವನಿಗೆ ಹಕ್ಕು ಬಂತು. ಅವನು ಧಣಿಯ ಚಾವಡಿಗೆ ಹೋಗಿ, 'ಧಣಿಗಳೇ, ಕಾಯಿದೆಯ ಪ್ರಕಾರ ಗೇಣಿ ಇಷ್ಟೇ' ಎಂದು ಹೇಳಬಹುದಾಗಿತ್ತು. ಹೇಳಿದವರು ಎಷ್ಟು ಮಂದಿ? ಅವನ ಗುಡಿಸಲು ಧಣಿಯ ಹಿತ್ತಿಲಲ್ಲಿ. ಮಗಳ ಮದುವೆಗೆ ಸಾಲ ತಂದುದು ಧಣಿಯಿಂದ. ಜಗಳವಾದರೆ ಪಂಚಾಯಿತಿ ನಡೆಯುವುದು ಅದೇ ಚಾವಡಿಯಲ್ಲಿ. ಕೊಟ್ಟ ಅಕ್ಕಿಗೆ ರಶೀದಿ ಕೇಳುವುದೆಂದರೆ ಧಣಿಯನ್ನು ನಂಬುವುದಿಲ್ಲವೆಂದು ಮುಖದ ಮೇಲೆ ಹೇಳಿದ ಹಾಗೆ. ಎಷ್ಟೋ ಮಂದಿ ಕಾಯಿದೆ ಬಂದ ಮೇಲೂ ಮೊದಲಿನಷ್ಟೇ ಮುಡಿಗಳನ್ನು ಹೊತ್ತರು.

ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿಯು ಈ ಸೂಕ್ಷ್ಮವನ್ನು ಅರಿತಿತ್ತೆಂದು ನಮಗೆ ತೋರುತ್ತದೆ. ಗೇಣಿ ಒಕ್ಕಲು ಸಾಗುಮಾಡುತ್ತಿದ್ದ ಭೂಮಿಯೆಲ್ಲ ಆ ದಿನ ಸರಕಾರಕ್ಕೆ ಸೇರಿತೆಂದು ಅದು ಸಾರಿತು. ಒಡೆಯನ ಮುಂದೆ ನಿಂತು ಕೇಳುವ ಹಂಗು ಇದರಿಂದ ತಪ್ಪಿತು, ಕೇಳಬೇಕಾದುದು ಸರಕಾರವನ್ನು. 7ನೆಯ ನಮೂನೆಯ ಅರ್ಜಿಯನ್ನು ತುಂಬಿ ಕೊಟ್ಟರೆ, ಅಸಿಸ್ಟೆಂಟ್ ಕಮೀಷನರರ ಅಧ್ಯಕ್ಷತೆಯ ಭೂನ್ಯಾಯಮಂಡಲಿಯು ವಿಚಾರಿಸಿ ತೀರ್ಮಾನಿಸುವುದು. ಅಲ್ಲಿಗೆ ವಕೀಲರು ಬರಕೂಡದೆಂದೂ ವಿಧಿಸಿದ್ದರು. ವಕೀಲ ಮಿತ್ರರು ಕ್ಷಮಿಸಬೇಕು, ಆ ನಿಷೇಧದಲ್ಲಿ ಒಂದು ಜಾಣತನವಿದ್ದಿತು. ಇಂಗ್ಲಿಷಿನಲ್ಲಿ ವಾದಿಸುವವನು ಎದುರಿಗಿಲ್ಲದಿದ್ದರೆ ಒಕ್ಕಲಿನ ಬಾಯಿಯೂ ಬಿಡುವುದು. 1987ರಲ್ಲಿ ಸುಪ್ರೀಂ ಕೋರ್ಟು ಆ ನಿಷೇಧವನ್ನು ತೆಗೆದುಹಾಕಿತು. ವಕೀಲನನ್ನು ಇಟ್ಟುಕೊಳ್ಳುವ ಸೌಕರ್ಯವು ಎರಡು ಪಕ್ಷಕ್ಕೂ ಸಮವಾಗಿ ದೊರೆಯಿತು. ವಕೀಲನ ಫೀಜು ಎರಡು ಪಕ್ಷಕ್ಕೂ ಸಮವಾಗಿ ಭಾರವೆನಿಸಿತೇ ಎಂಬುದು ಬೇರೆ ಮಾತು.

ಆದರೂ ಎಲ್ಲರೂ ಅರ್ಜಿ ಹಾಕಲಿಲ್ಲ. ಕೊನೆಯ ಗಡುವು 1979ರ ಜೂನ್ 30ರವರೆಗೆ ಮುಂದಕ್ಕೆ ಹೋಯಿತು. ಅಷ್ಟಾದರೂ ಕೆಲವರು ಹೆದರಿಕೆಯಿಂದ, ಕೆಲವರು ದಾಕ್ಷಿಣ್ಯದಿಂದ, ಉಂಡ ಮನೆಗೆ ಎರಡು ಬಗೆಯಬಾರದೆಂಬ ಭಾವದಿಂದ ಸುಮ್ಮನಿದ್ದರು. ಅಂಥವರಿಗಾಗಿ 1990ರ ದಶಕದ ಕೊನೆಗೆ ಬೇರೊಂದು ಕಲಮನ್ನೇ ಸೇರಿಸಬೇಕಾಯಿತು. ಅರ್ಜಿ ಹಾಕಿದ ಮನೆಗಳಲ್ಲಿಯೂ ಹೊಸ ತಕರಾರು ಹುಟ್ಟಿತು. ಗದ್ದೆಯನ್ನು ನೆಟ್ಟು ಕೊಯ್ದವರು ಮನೆಮಂದಿಯೆಲ್ಲ. ಅರ್ಜಿಯಲ್ಲಿ ಇದ್ದುದು ಬಹುಮಟ್ಟಿಗೆ ಒಬ್ಬ ಗಂಡಸಿನ ಹೆಸರು. ಆ ಹಕ್ಕು ಅವನೊಬ್ಬನದೋ, ಕುಟುಂಬದ್ದೋ ಎಂಬ ವ್ಯಾಜ್ಯಗಳು ಅನೇಕ ವರ್ಷ ಹೈಕೋರ್ಟಿನವರೆಗೂ ಹರಿದವು. ನೇಜಿ ನೆಟ್ಟ ಸೋದರಿಯು ಮತ್ತೆ ಯಾಚಿಸುವವಳಾದಳು.

ಭೂಮಿಯನ್ನು ಕಳೆದುಕೊಂಡವರಲ್ಲಿಯೂ ಎಲ್ಲರೂ ದೊಡ್ಡ ಧಣಿಗಳಲ್ಲ. ಸೈನಿಕರಿಗೂ ನಾವಿಕರಿಗೂ ತೋರಿದ ರಿಯಾಯಿತಿಯನ್ನು ಆ ಶಾಸನವು ವಿಧವೆಯರಿಗೆ ತೋರಲಿಲ್ಲ. ಎರಡು ಗದ್ದೆಯ ಗೇಣಿಯಿಂದ ಜೀವಿಸುತ್ತಿದ್ದ ಒಂಟಿ ಹೆಂಗಸೂ, ನೂರಾರು ಮುಡಿ ಗೇಣಿಯ ಬೀಡಿನವನೂ ಅದರ ಕಣ್ಣಿಗೆ ಒಂದೇ. ನ್ಯಾಯದೇವತೆಯ ಕಣ್ಣಿಗೆ ಬಟ್ಟೆ ಕಟ್ಟಿರುವುದು ಯಾವಾಗಲೂ ಗುಣವೇ ಆಗಬೇಕೆಂದಿಲ್ಲ.

ಇನ್ನು ಆ ಚಾವಡಿಯ ಸಂಗತಿ. ನಾವು ಆಗ ಹತ್ತು ಹನ್ನೊಂದು ವರ್ಷದವರು. 1980ರ ದಶಕದ ಕೊನೆ. ಮನೆ ನಮ್ಮ ಸಹಪಾಠಿಯೊಬ್ಬನದು. ಅವನ ಅಜ್ಜಿ ಮನೆಗೆ ಹಿರಿಯಳು. ಕುಟುಂಬವು ಪಾಲಾದಾಗ ಪತ್ರದಲ್ಲಿ ಅವರ ಕವರಿನ ಮೊದಲ ಹೆಸರು ಅವಳದು. ನಡೆಸುತ್ತಿದ್ದವನು ಅವಳ ತಮ್ಮ. ಗದ್ದೆಗಳು ಒಕ್ಕಲುಗಳಿಗೆ ಹೋಗಿದ್ದವು. ಉಳಿದುದು ಮನೆ, ಮತ್ತು ಹೆದ್ದಾರಿಯ ಬದಿಯ ಒಂದು ತೆಂಗಿನ ತೋಟ. ಅಜ್ಜಿಯನ್ನು ಆ ಮನೆಯಲ್ಲಿ ಯಾರೂ ಗದರಿಸಿದುದನ್ನು ನಾವು ಕಾಣೆವು. ಯಾರೂ ಏನನ್ನಾದರೂ ಕೇಳಿದುದನ್ನೂ ಕಾಣೆವು. ತೆಂಗಿನಕಾಯಿ ವ್ಯಾಪಾರಿ ಬಂದರೆ ತಮ್ಮನೊಡನೆ ಮಾತನಾಡುವನು. ಅವಳು ಒಳಗಿನ ಬಾಗಿಲಲ್ಲಿ ನಿಂತು, ಎಷ್ಟು ಕಾಯಿ ಎಂದು ಬೆರಳು ಮಡಿಸುತ್ತಿದ್ದಳು.

ತೋಟವನ್ನು ಮಾರುವ ಮಾತು ಬಂದಿತ್ತು. ಬೆಲೆ ಒಳ್ಳೆಯದಿತ್ತಂತೆ. ಸಂಜೆಯ ದೀಪ ಹಚ್ಚಿದ ಮೇಲೆ ತಮ್ಮನು ಕಾಗದವನ್ನು ತಂದು ಚಾವಡಿಯ ಮಣೆಯ ಮೇಲಿಟ್ಟು ಹೇಳಿದನು: "ಅಕ್ಕ, ಇಲ್ಲಿ ಒಂದು ರುಜು ಹಾಕಿ."

ಅಜ್ಜಿ ಎಲೆಗೆ ಸುಣ್ಣ ಸವರುತ್ತಿದ್ದವಳು ಕೈಯನ್ನು ನಿಲ್ಲಿಸಲಿಲ್ಲ. "ನಾನು ಹಾಕದಿದ್ದರೆ ಆಗುವುದಿಲ್ಲವಾ?"

"ಆಗುವುದಿಲ್ಲ ಅಕ್ಕ. ರಿಜಿಸ್ಟ್ರಾರರು ಒಪ್ಪುವುದಿಲ್ಲ."

ಅವಳು ಎಲೆಯನ್ನು ಮಡಿಸಿ ಬಾಯಿಗಿಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಅಷ್ಟು ವರ್ಷ ಆ ಮನೆಯಲ್ಲಿ ಒಡತಿಯಾಗಿ ಬಾಳಿದವಳಿಗೆ ತಾನು ಒಡತಿಯೆಂಬುದು ಆ ಒಂದು ಮಾತಿನಿಂದಲೇ ಮೊದಲ ಸಲ ತಿಳಿಯಿತೋ ಏನೋ. ಅವಳ ಮುಖದಲ್ಲಿ ಕೋಪವಿರಲಿಲ್ಲ. "ತಮ್ಮ, ಹಾಗಾದರೆ ತೋಟದ ಲೆಕ್ಕ ತಾ. ಓದು, ಕೇಳುತ್ತೇನೆ," ಎಂದಳು.

"ಯಾವ ವರ್ಷದ್ದು ಅಕ್ಕ?"

"ಪಾಲಾದ ವರ್ಷದಿಂದ."

ತಮ್ಮನು ನಮ್ಮ ಕಡೆಗೆ, ಮಕ್ಕಳ ಕಡೆಗೆ ಒಮ್ಮೆ ನೋಡಿದನು. ನಾವು ಏಳಬೇಕೋ ಕೂರಬೇಕೋ ತಿಳಿಯದೆ ಕುಳಿತೇ ಇದ್ದೆವು. ಕಾಗದವನ್ನು ಮಣೆಯ ಮೇಲೆಯೇ ಬಿಟ್ಟು ಅವನು ಒಳಗೆ ಹೋದನು. ಮರದ ಪೆಟ್ಟಿಗೆಯ ಮುಚ್ಚಳ ತೆರೆದ ಸದ್ದು ಕೇಳಿತು. ಬಹಳ ಹೊತ್ತಿನ ಮೇಲೆ ಕೆಂಪು ರಟ್ಟಿನ ನಾಲ್ಕು ಉದ್ದ ಪುಸ್ತಕಗಳನ್ನು ಎದೆಗೆ ಒತ್ತಿಕೊಂಡು ಹೊರಗೆ ಬಂದನು. ಅಜ್ಜಿ ದೀಪವನ್ನು ತನ್ನ ಹತ್ತಿರದಿಂದ ಅವನ ಹತ್ತಿರಕ್ಕೆ ಸರಿಸಿ, ಬತ್ತಿಯನ್ನು ಸ್ವಲ್ಪ ಏರಿಸಿದಳು.